ಸ್ಮರಣಾರ್ಥ ನಾಣ್ಯ ಮಾರುವ ರೀತಿ ಬದಲಿಸಿ: ಟಂಕಸಾಲೆಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದ ನಾಲ್ಕು ಟಂಕಸಾಲೆಗಳನ್ನು ನಡೆಸುವ ಎಸ್‌ಪಿಎಂಸಿಐಎಲ್ ನಿಗಮಕ್ಕೂ, ಆ ನಿಗಮವನ್ನು ನೋಡಿಕೊಳ್ಳುವ ಕೇಂದ್ರ ಹಣಕಾಸು ಸಚಿವಾಲಯಕ್ಕೂ ಈ ಪತ್ರ ಬರೆಯುತ್ತಿದ್ದೇನೆ. ನಾಣ್ಯ ಕೊಂಡು ಮಾರುವ ಡೀಲರ್ ಮಿತ್ರರೂ ಓದಲಿ. ಅವರ ವಿಷಯವೂ ಇದರಲ್ಲಿದೆ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಸೀಮಿತ ಸಂಖ್ಯೆಯಲ್ಲಿ ತರುವ ಸ್ಮರಣಾರ್ಥ ನಾಣ್ಯಗಳನ್ನು 'ಮೊದಲು ಬಂದವರಿಗೆ ಮೊದಲು' ಅಂತ ಮಾರುವುದನ್ನು ನಿಲ್ಲಿಸಿ. ಬುಕಿಂಗ್‌ಗೆ ಹದಿನೈದು ದಿನ ಕೊಡಿ. ಮೊದಲ ಸುತ್ತಿನಲ್ಲಿ ಒಬ್ಬರಿಗೆ ಒಂದೇ ನಾಣ್ಯ ಇರಲಿ. ನಾಣ್ಯಕ್ಕಿಂತ ಅರ್ಜಿ ಜಾಸ್ತಿ ಬಂದರೆ ಚೀಟಿ ಎತ್ತಿ. ಡೀಲರ್‌ಗಳಿಗೆ ಎಷ್ಟು ಪಾಲು ಅನ್ನುವುದನ್ನು ಬುಕಿಂಗ್ ತೆರೆಯುವ ಮೊದಲೇ ಎಲ್ಲರ ಮುಂದೆ ಹೇಳಿ. ಇಷ್ಟೇ ನನ್ನ ಬೇಡಿಕೆ. ಉಳಿದದ್ದೆಲ್ಲ ಇದು ಯಾಕೆ ಬೇಕು, ಯಾಕೆ ಕಷ್ಟವಲ್ಲ ಅನ್ನುವುದರ ವಿವರಣೆ.

ನಾಣ್ಯದ ಹವ್ಯಾಸ ಇಲ್ಲದ ಓದುಗರಿಗೆ ಎರಡು ಮಾತು. ನಮ್ಮ ದೇಶದಲ್ಲಿ ಸ್ಮರಣಾರ್ಥ ನಾಣ್ಯ ಶುರುವಾದದ್ದು 1964ರಲ್ಲಿ, ನೆಹರೂ ತೀರಿಕೊಂಡ ಮೇಲೆ ಬಂದ ಒಂದು ರೂಪಾಯಿ ಮತ್ತು 50 ಪೈಸೆಯಿಂದ. ಇವುಗಳಲ್ಲಿ ಎರಡು ಬಗೆ. ಕೆಲವು ಅಂಗಡಿಗೆ, ಬಸ್ಸಿಗೆ, ನಮ್ಮ ಜೇಬಿಗೆ ಬರುತ್ತವೆ. 2006ರಲ್ಲಿ ಬಂದ ಬಸವಣ್ಣನವರ ಐದು ರೂಪಾಯಿ ನಾಣ್ಯ ನಿಮ್ಮಲ್ಲಿ ಎಷ್ಟೋ ಜನರ ಕೈ ದಾಟಿ ಹೋಗಿರುತ್ತದೆ. ಅದೇ ವರ್ಷ ಬಸವಣ್ಣನವರದೇ ನೂರು ರೂಪಾಯಿ ನಾಣ್ಯವೂ ಬಂತು. ಅದು ಮಾತ್ರ ಯಾರ ಚಿಲ್ಲರೆಯಲ್ಲೂ ಸಿಗುವುದಿಲ್ಲ. ಅದನ್ನು ಮಾಡುವುದೇ ಸಂಗ್ರಹಕ್ಕಾಗಿ, ಮುಖಬೆಲೆಗಿಂತ ಎಷ್ಟೋ ಜಾಸ್ತಿ ದುಡ್ಡು ಕೊಟ್ಟು ಟಂಕಸಾಲೆಯಿಂದಲೇ ತರಿಸಿಕೊಳ್ಳಬೇಕು. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ ನೆನಪಿನ 1000 ರೂಪಾಯಿ ನಾಣ್ಯ, 2023ರಲ್ಲಿ ಹೊಸ ಸಂಸತ್ ಭವನ ಉದ್ಘಾಟನೆಯ ದಿನ ಬಂದ 75 ರೂಪಾಯಿ ನಾಣ್ಯ, ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮೈಸೂರಿನಲ್ಲೇ ಪ್ರಧಾನಿ ಬಿಡುಗಡೆ ಮಾಡಿದ ಹುಲಿ ಯೋಜನೆಯ 50 ರೂಪಾಯಿ ನಾಣ್ಯ, ಇವೆಲ್ಲ ಸುದ್ದಿಯಲ್ಲಿ ಬಂದದ್ದು ನೆನಪಿರಬಹುದು.

ಸಂಸತ್ತಿನ ನಾಣ್ಯವನ್ನೇ ತೆಗೆದುಕೊಳ್ಳಿ. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಅಂಚಿನ ಸುತ್ತ 200 ಗೀರುಗಳು. ಒಂದು ಕಡೆ ಸಿಂಹ ಲಾಂಛನ, ಕೆಳಗೆ ಸತ್ಯಮೇವ ಜಯತೇ. ಇನ್ನೊಂದು ಕಡೆ ಸಂಸತ್ ಸಂಕುಲದ ಚಿತ್ರ. ಪ್ರೂಫ್ ನಾಣ್ಯವಾದರೆ, ಅಂದರೆ ಸಂಗ್ರಹಕ್ಕೆಂದೇ ವಿಶೇಷವಾಗಿ ಟಂಕಿಸಿದ್ದಾದರೆ, ಹಿನ್ನೆಲೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಚಿತ್ರ ಮಾತ್ರ ಹಿಮದ ಪುಡಿ ಉದುರಿಸಿದ ಹಾಗೆ ಮಂಜಾಗಿ ಮೇಲೆದ್ದಿರುತ್ತದೆ. ಬೆರಳು ತಾಗಿದರೆ ಗುರುತು ಉಳಿದೇಬಿಡುತ್ತದೆ, ಅದಕ್ಕೇ ಕ್ಯಾಪ್ಸೂಲ್ ಒಳಗೇ ಇಟ್ಟು ನೋಡುತ್ತೇವೆ. ಇದನ್ನು ಮಾಡುವ ಕೈಗಳ ಬಗ್ಗೆ ನನಗೆ ತುಂಬ ಗೌರವ ಇದೆ. ನನ್ನ ತಕರಾರು ನಾಣ್ಯದ ಬಗ್ಗೆ ಅಲ್ಲ. ಅದು ಟಂಕಸಾಲೆಯಿಂದ ಹೊರಟು ಯಾರ ಕೈ ಸೇರುತ್ತದೆ ಅನ್ನುವುದರ ಬಗ್ಗೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ ಕಂಡದ್ದು ಹೇಳುತ್ತೇನೆ. ಒಬ್ಬ ಡೀಲರ್ ಮೇಜಿನ ಮೇಲೆ, ಗಾಜಿನ ಕೆಳಗೆ, ಆಗಷ್ಟೇ ಬಂದಿದ್ದ ಒಂದು ನಾಣ್ಯದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿದ್ದರು. ಎಲ್ಲ ಒಂದೇ ನಾಣ್ಯ, ಎಲ್ಲ ಟಂಕಸಾಲೆಯ ಪ್ಯಾಕಿಂಗ್‌ನಲ್ಲೇ. ಒಬ್ಬ ಅಪ್ಪ, ಜೊತೆಗೆ ಹೈಸ್ಕೂಲ್ ಓದುವ ವಯಸ್ಸಿನ ಮಗ. ಹುಡುಗ ಪೆಟ್ಟಿಗೆ ತೆಗೆಸಿ ನೋಡಿದ. ಅಪ್ಪ ರೇಟ್ ಕೇಳಿದರು. ಟಂಕಸಾಲೆ ಬೆಲೆಯ ಎರಡು ಪಟ್ಟಿಗೂ ಮೇಲೆ. "ಮಿಂಟ್ ರೇಟ್ ಮರೆತುಬಿಡಿ ಸರ್, ಇವತ್ತಿನ ರೇಟ್ ಇದು. ಮುಂದಿನ ತಿಂಗಳು ಇಷ್ಟಕ್ಕೂ ಸಿಗಲ್ಲ" ಅಂದರು ಡೀಲರ್. ಹುಡುಗ ಪೆಟ್ಟಿಗೆ ಮುಚ್ಚಿ ಎರಡೂ ಕೈಯಲ್ಲಿ ವಾಪಸ್ ಕೊಟ್ಟ. ಅವರು ಹೋದ ಮೇಲೆ ನಾನು ಕೇಳಿದೆ, ಇಷ್ಟೊಂದು ಹೇಗೆ ಸಿಕ್ಕಿತು ಅಂತ. ಡೀಲರ್ ಏನೂ ಮುಚ್ಚಿಡಲಿಲ್ಲ. "ಅಂಗಡಿ ಹುಡುಗರ ಹೆಸರಲ್ಲಿ, ಮನೆಯವರ ಹೆಸರಲ್ಲಿ ಹಾಕಿಸ್ತೀವಿ ಸರ್. ಎಲ್ಲರೂ ಅದೇ ಮಾಡೋದು."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ಅಂತಲ್ಲ, ಬಂತು. ಆದರೆ ಯೋಚಿಸಿ ನೋಡಿದರೆ ಅವರು ಮುರಿದ ನಿಯಮ ಯಾವುದು? ಬೇಗ ಬಂದವರಿಗೆ ಸಿಗುತ್ತದೆ ಅನ್ನುವುದೇ ನಿಯಮವಾದರೆ ಹತ್ತು ಜನರನ್ನು ಹತ್ತು ಮೊಬೈಲ್ ಹಿಡಿಸಿ ಕೂರಿಸುವವನೇ ಗೆಲ್ಲುತ್ತಾನೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಮಾರಾಟ ತೆರೆಯಿತು ಅಂದುಕೊಳ್ಳಿ. ಆ ಹೊತ್ತಿಗೆ ಮೇಷ್ಟ್ರು ಕ್ಲಾಸಿನಲ್ಲಿರುತ್ತಾರೆ. ನರ್ಸ್ ವಾರ್ಡಿನಲ್ಲಿ, ಕಂಡಕ್ಟರ್ ಬಸ್ಸಿನಲ್ಲಿ. ಸಿರ್ಸಿ ಕಡೆಯ ಹಳ್ಳಿಯಲ್ಲಿ ಇರುವವರಿಗೆ ನೆಟ್‌ವರ್ಕ್ ಇರುವ ಜಾಗಕ್ಕೆ ಬರುವುದೇ ಒಂದು ಕೆಲಸ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ತೆಗೆದು ನೋಡುವಷ್ಟರಲ್ಲಿ 'ಸೋಲ್ಡ್ ಔಟ್' ಅಂತ ಇದ್ದರೆ ಅವರು ಸೋತದ್ದು ಯಾವ ಸ್ಪರ್ಧೆಯಲ್ಲಿ? ನಾಣ್ಯದ ಮೇಲಿನ ಪ್ರೀತಿಯಲ್ಲಂತೂ ಅಲ್ಲ.

ಇನ್ನೊಂದು ನಷ್ಟ ನಿಮಗೇ ಆಗುತ್ತಿದೆ. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದುಹೋದರೆ ಎಷ್ಟು ಜನರಿಗೆ ಬೇಕಿತ್ತು ಅನ್ನುವುದು ನಿಮಗೇ ಗೊತ್ತಾಗುವುದಿಲ್ಲ. ಐದು ಸಾವಿರ ಜನರಿಗೆ ಬೇಕಿತ್ತೋ, ಐವತ್ತು ಸಾವಿರ ಜನರಿಗೋ? ಮುಂದಿನ ನಾಣ್ಯ ಎಷ್ಟು ಟಂಕಿಸಬೇಕು ಅನ್ನುವುದಕ್ಕೆ ಲೆಕ್ಕವೇ ಇರುವುದಿಲ್ಲ. ಮೊದಲು ಬುಕಿಂಗ್ ತೆಗೆದುಕೊಂಡು ಆಮೇಲೆ ಟಂಕಿಸುವ ಪದ್ಧತಿ ನಮ್ಮಲ್ಲೇ ಇತ್ತು, ಹಳೆಯ ಸಂಗ್ರಹಕಾರರಿಗೆಲ್ಲ ಗೊತ್ತು. ಡಿಡಿ ತೆಗೆಸಿ ಅಂಚೆಯಲ್ಲಿ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದೆವು. ನಿಧಾನ ಹೌದು, ಆದರೆ ಕಾಯುವ ಮನಸ್ಸಿದ್ದವರಿಗೆ ಸಿಗುತ್ತಿತ್ತು. ಈಗ ವೇಗ ಬಂದಿದೆ, ಸಿಗುತ್ತದೆ ಅನ್ನುವ ಭರವಸೆ ಹೋಗಿದೆ.

ಇದು ನಮ್ಮ ದೇಶದ್ದೇ ರೋಗ ಅಲ್ಲ. ಅಮೆರಿಕದಲ್ಲಿ ಏನಾಯಿತು ನೋಡಿ. 2014ರ ಆಗಸ್ಟ್‌ನಲ್ಲಿ ಕೆನಡಿ ಅರ್ಧ ಡಾಲರ್‌ಗೆ ಐವತ್ತು ವರ್ಷ ಆಯಿತು ಅಂತ ಅಲ್ಲಿನ ಟಂಕಸಾಲೆ ಚಿನ್ನದ ನಾಣ್ಯ ತಂದಿತು. ಶಿಕಾಗೋ ಹತ್ತಿರದ ನಾಣ್ಯ ಮೇಳದಲ್ಲಿ ದಿನಕ್ಕಿಷ್ಟು ಅಂತ ಕೌಂಟರ್‌ನಲ್ಲಿ ಮಾರಲು ಹೊರಟರು. ಡೀಲರ್‌ಗಳು ಕೂಲಿ ಕೊಟ್ಟು ಜನರನ್ನು ಸಾಲಿನಲ್ಲಿ ನಿಲ್ಲಿಸಿದರು. ನೂಕುನುಗ್ಗಲು ಎಷ್ಟಾಯಿತು ಅಂದರೆ ಜನರ ಸುರಕ್ಷತೆ ನೋಡಿಕೊಂಡು ಮಾರಾಟವನ್ನೇ ನಿಲ್ಲಿಸಬೇಕಾಯಿತು. ವಿಚಿತ್ರ ಏನು ಗೊತ್ತಾ? ಆ ನಾಣ್ಯಕ್ಕೆ ಒಟ್ಟು ಸಂಖ್ಯೆಯ ಮಿತಿಯೇ ಇರಲಿಲ್ಲ, ಮನೆಯಲ್ಲೇ ಕೂತು ಆರ್ಡರ್ ಮಾಡಬಹುದಿತ್ತು. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಗ್ರೇಡಿಂಗ್ ಕಂಪನಿಗಳು ಮೊದಲ ದಿನ ಕೊಂಡದ್ದು ಅಂತ ಹಚ್ಚುವ ಒಂದು ಲೇಬಲ್‌ಗಾಗಿ ಆ ಗಲಾಟೆ. ಅಂದರೆ ನಾಣ್ಯ ಕೊರತೆ ಇಲ್ಲದಿದ್ದರೂ ಮಾರುವ ರೀತಿಯೇ ಕೊರತೆ ಹುಟ್ಟಿಸಬಲ್ಲದು.

ಮನೆಗೊಂದು ಅನ್ನುವ ನಿಯಮ ಒಂದೇ ಸಾಲದು ಅನ್ನುವುದನ್ನೂ ಅವರಿಂದಲೇ ಕಲಿಯಬಹುದು. 2019ರ ನವೆಂಬರ್‌ನಲ್ಲಿ ಅವರು ತಂದ ಒಂದು ಬೆಳ್ಳಿ ಈಗಲ್ ನಾಣ್ಯದ ಸಂಖ್ಯೆ 30,000. ಒಂದು ಮನೆಗೆ ಒಂದೇ ಅಂತ ನಿಯಮ ಇತ್ತು. ಅರ್ಧ ಗಂಟೆಯೊಳಗೆ ಖಾಲಿ. ಆಮೇಲೆ ಅದೇ ನಾಣ್ಯ ಹಲವು ಪಟ್ಟು ಬೆಲೆಗೆ ಮಾರುಕಟ್ಟೆಗೆ ಬಂತು. 2021ರ ಮೇ ತಿಂಗಳಲ್ಲಿ ಮಾರ್ಗನ್ ಡಾಲರ್ ಅನ್ನುವ ಬೆಳ್ಳಿ ನಾಣ್ಯ ಮಾರಾಟಕ್ಕೆ ಇಟ್ಟ ದಿನ ವೆಬ್‌ಸೈಟ್ ಕುಸಿಯಿತು. ಆಗ ಇದ್ದದ್ದು ಒಂದೊಂದು ಬಗೆಯಲ್ಲೂ 1,75,000 ನಾಣ್ಯ, ಕಡಿಮೆ ಸಂಖ್ಯೆಯೇನೂ ಅಲ್ಲ. ಎಲ್ಲರೂ ಒಂದೇ ನಿಮಿಷಕ್ಕೆ ಬನ್ನಿ ಅಂತ ಕರೆದರೆ ಯಾವ ಸರ್ವರ್ ತಡೆಯುತ್ತದೆ? ಮುಂದಿನ ಮಾರಾಟಗಳನ್ನು ಅವರು ಮುಂದೂಡಿದರು.

ನಮ್ಮಲ್ಲಿ 2023ರ ಆಗಸ್ಟ್‌ನಲ್ಲಿ ಎನ್‌ಟಿಆರ್ ಶತಮಾನೋತ್ಸವದ ನೂರು ರೂಪಾಯಿ ನಾಣ್ಯ ಬಂದಾಗ ಹೈದರಾಬಾದಿನ ಕೌಂಟರ್‌ಗಳ ಮುಂದೆ ಜನ ಸಾಲು ನಿಂತದ್ದು ಎಲ್ಲರೂ ನೋಡಿದ್ದಾರೆ. ಅಭಿಮಾನಕ್ಕೆ ನಿಂತವರು ಅವರು. ರಾಯಚೂರಿನಲ್ಲಿ, ಬಳ್ಳಾರಿಯಲ್ಲಿ ಇರುವ ಅಭಿಮಾನಿಗೂ ಅದೇ ಅವಕಾಶ ಇರಬೇಕಲ್ವಾ?

ಈಗ ಪರಿಹಾರಕ್ಕೆ ಬರುತ್ತೇನೆ. ಇದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಹಣಕಾಸು ಸಚಿವಾಲಯದ ಕಣ್ಣೆದುರಿನಲ್ಲೇ, ಇದೇ ದೇಶದಲ್ಲಿ, ಇದಕ್ಕಿಂತ ಸಾವಿರ ಪಟ್ಟು ದೊಡ್ಡ ಮಟ್ಟದಲ್ಲಿ ಅದು ನಡೆಯುತ್ತಿದೆ. ಷೇರು ಮಾರುಕಟ್ಟೆಯ ಐಪಿಒ ನೋಡಿ. ಕಂಪನಿ ಷೇರು ಬಿಡುಗಡೆ ಮಾಡಿದಾಗ ಹತ್ತು ಗಂಟೆಗೆ ಗೇಟು ತೆಗೆದು ನುಗ್ಗಿ ಅಂತ ಯಾರೂ ಹೇಳುವುದಿಲ್ಲ. ಕೆಲವು ದಿನ ಅರ್ಜಿ ಹಾಕಲು ಅವಕಾಶ ಇರುತ್ತದೆ. ಮೊದಲ ದಿನ ಬೆಳಿಗ್ಗೆ ಹಾಕಿದವನಿಗೂ ಕೊನೆಯ ದಿನ ಮಧ್ಯಾಹ್ನ ಹಾಕಿದವನಿಗೂ ಒಂದೇ ಹಕ್ಕು. ಒಂದು ಪ್ಯಾನ್ ನಂಬರಿಗೆ ಒಂದೇ ಅರ್ಜಿ. ದುಡ್ಡು ನಮ್ಮ ಖಾತೆಯಲ್ಲೇ ಬ್ಲಾಕ್ ಆಗಿರುತ್ತದೆ, ಸಿಗದಿದ್ದರೆ ಬಿಡುಗಡೆಯಾಗುತ್ತದೆ. ದೊಡ್ಡ ಸಂಸ್ಥೆಗಳಿಗೆ ಬೇರೆ ಪಾಲು, ಸಣ್ಣ ಹೂಡಿಕೆದಾರರಿಗೆ ಬೇರೆ ಪಾಲು, ಎಷ್ಟೆಷ್ಟು ಅನ್ನುವುದು ಮೊದಲೇ ಕಾಗದದ ಮೇಲೆ ಇರುತ್ತದೆ. ಸಣ್ಣವರ ಪಾಲಿಗೆ ಅರ್ಜಿ ಮಿತಿಮೀರಿ ಬಂದರೆ ಒಬ್ಬೊಬ್ಬರಿಗೆ ಒಂದೊಂದು ಲಾಟ್ (ಷೇರುಗಳ ಒಂದು ಕಟ್ಟು) ಸಿಗುವ ಹಾಗೆ ಕಂಪ್ಯೂಟರ್ ಚೀಟಿ ಎತ್ತುತ್ತದೆ. 2022ರಲ್ಲಿ ಎಲ್‌ಐಸಿ ಷೇರು ಬಂದಾಗ ಪಾಲಿಸಿದಾರರಿಗೇ ಅಂತ ಒಂದು ಪಾಲು ತೆಗೆದಿಟ್ಟಿದ್ದರು. ಸಿಗದವರು ಬೇಜಾರು ಮಾಡಿಕೊಂಡಿರಬಹುದು, ಆದರೆ ನನಗಿಂತ ಬೇಗ ಕ್ಲಿಕ್ ಮಾಡಿದವನು ನನ್ನ ಪಾಲು ಹೊಡೆದ ಅಂತ ಯಾರೂ ಹೇಳಲಿಲ್ಲ.

ಸಾವಿರಾರು ಕೋಟಿಯ ಷೇರಿಗೆ ಮಾಡಬಹುದಾದದ್ದನ್ನು ಕೆಲವು ಸಾವಿರ ನಾಣ್ಯಕ್ಕೆ ಮಾಡಲು ಆಗುವುದಿಲ್ಲವೇ?

ಬೇರೆ ದೇಶದ ಟಂಕಸಾಲೆಗಳೂ ಇದನ್ನು ಮಾಡಿವೆ. ಜಪಾನಿನಲ್ಲಿ ಬೇಡಿಕೆ ಇರುವ ಸ್ಮರಣಾರ್ಥ ನಾಣ್ಯಗಳಿಗೆ ಅರ್ಜಿ ಕರೆಯುತ್ತಾರೆ, ಜಾಸ್ತಿ ಬಂದರೆ ಚೀಟಿ ಎತ್ತುತ್ತಾರೆ. ಆಸ್ಟ್ರೇಲಿಯಾದಲ್ಲೂ ಕೆಲವು ನಾಣ್ಯಗಳಿಗೆ ಇದೇ ದಾರಿ ಹಿಡಿದಿದ್ದಾರೆ. ಚೀನಾದಲ್ಲಿ ಗುರುತಿನ ಚೀಟಿ ತೋರಿಸಿ ಬ್ಯಾಂಕಿನಲ್ಲಿ ಕಾಯ್ದಿರಿಸಬೇಕು, ಒಬ್ಬರಿಗೆ ಇಷ್ಟೇ ಅಂತ ಮಿತಿ ಇರುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಅಂಚೆ ಇಲಾಖೆಯನ್ನೇ ನೋಡಿ. ಅಂಚೆಚೀಟಿ ಸಂಗ್ರಹಿಸುವವರು ಇನ್ನೂರು ರೂಪಾಯಿ ಕಟ್ಟಿ ಫಿಲಾಟೆಲಿಕ್ ಡಿಪಾಸಿಟ್ ಖಾತೆ ತೆರೆದರೆ ಸಾಕು. ಹೊಸ ಸ್ಟಾಂಪ್ ಬಂದ ಹಾಗೆಲ್ಲ ಅವರು ಕೇಳಿದಷ್ಟು ಮನೆಗೇ ಬರುತ್ತದೆ, ಖಾತೆಯಿಂದ ದುಡ್ಡು ಕಳೆಯುತ್ತದೆ. ಬಿಡುಗಡೆಯ ದಿನ ಯಾವುದು, ಎಷ್ಟು ಗಂಟೆಗೆ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಶಾಲೆಯ ಮಕ್ಕಳೂ ಈ ಖಾತೆ ಇಟ್ಟುಕೊಂಡಿರುವುದನ್ನು ನೋಡಿದ್ದೇನೆ. ನಾಣ್ಯಕ್ಕೂ ಇಂಥ ಒಂದು ಖಾತೆ ಯಾಕೆ ಇರಬಾರದು? ವರ್ಷಕ್ಕೆ ಇಷ್ಟು ದುಡ್ಡು ಕಟ್ಟುತ್ತೇನೆ, ಬರುವ ಪ್ರತಿ ನಾಣ್ಯದಲ್ಲಿ ನನಗೊಂದು ಎತ್ತಿಡಿ ಅಂತ ಹೇಳುವ ಸಂಗ್ರಹಕಾರ ನಿಮಗೆ ಅತ್ಯಂತ ನಂಬಿಕಸ್ಥ ಗಿರಾಕಿ. ಮುಂಗಡ ದುಡ್ಡೂ ಕೈಗೆ ಬರುತ್ತದೆ, ಲೆಕ್ಕವೂ ಸಿಗುತ್ತದೆ.

ಕೇಳಬಹುದಾದ ಪ್ರಶ್ನೆಗಳು ನನಗೂ ಗೊತ್ತು. ಬೆಳ್ಳಿ ಬೆಲೆ ಹದಿನೈದು ದಿನದಲ್ಲಿ ಏರಿಬಿಟ್ಟರೆ? ರಿಸರ್ವ್ ಬ್ಯಾಂಕಿನ 90 ವರ್ಷದ ನಾಣ್ಯದಲ್ಲಿ 40 ಗ್ರಾಂ ಶುದ್ಧ ಬೆಳ್ಳಿ ಇತ್ತು, ಹಾಗಾಗಿ ಈ ಪ್ರಶ್ನೆ ಸಣ್ಣದಲ್ಲ. ಅದಕ್ಕೂ ಐಪಿಒದಲ್ಲೇ ಉತ್ತರ ಇದೆ. ಇಷ್ಟರಿಂದ ಇಷ್ಟರೊಳಗೆ ಅಂತ ಬೆಲೆಯ ಮಿತಿ ಹೇಳಿ, ಮೇಲಿನ ಬೆಲೆಗೆ ದುಡ್ಡು ಬ್ಲಾಕ್ ಮಾಡಿ, ಕೊನೆಯ ದಿನ ಬೆಲೆ ನಿಗದಿ ಮಾಡಿ, ಉಳಿದದ್ದು ವಾಪಸ್ ಬಿಡಿ.

ಡೀಲರ್‌ಗಳು ಆಗಲೂ ಅಂಗಡಿ ಹುಡುಗರ ಪ್ಯಾನ್ ಬಳಸುವುದಿಲ್ಲವೇ? ಕೆಲವರು ಬಳಸುತ್ತಾರೆ. ಪೂರ್ತಿ ನಿಲ್ಲಿಸಲು ಆಗದಿರಬಹುದು. ಆದರೆ ಇವತ್ತಿನಷ್ಟು ಸುಲಭ ಇರುವುದಿಲ್ಲ. ಪ್ರತಿ ಹೆಸರಿಗೂ ಅಷ್ಟು ದಿನ ದುಡ್ಡು ಕಟ್ಟಿ ಹಾಕಬೇಕು, ಹಾಕಿದರೂ ಚೀಟಿಯಲ್ಲಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ, ಒಂದೇ ವಿಳಾಸಕ್ಕೆ ಹತ್ತು ಪಾರ್ಸೆಲ್ ಹೋದರೆ ನಿಮ್ಮ ಕಂಪ್ಯೂಟರಿಗೇ ಗೊತ್ತಾಗುತ್ತದೆ. ವೇಗದಿಂದ ಸಿಗುತ್ತಿದ್ದ ಲಾಭ ಸೊನ್ನೆಯಾದರೆ ಸಾಕು, ಅರ್ಧ ಸಮಸ್ಯೆ ಹೋಗುತ್ತದೆ. ಮಕ್ಕಳ ಹತ್ತಿರ ಸಾಮಾನ್ಯವಾಗಿ ಪ್ಯಾನ್ ಇರುವುದಿಲ್ಲ, ಅಪ್ಪ ಅಮ್ಮನ ಹೆಸರಿನಲ್ಲಿ ಹಾಕಲಿ.

ಡೀಲರ್ ಮಿತ್ರರೇ, ಇಲ್ಲಿಯವರೆಗೆ ಓದಿ ನಿಮಗೆ ಬೇಸರ ಆಗಿದ್ದರೆ ಇನ್ನೊಂದಿಷ್ಟು ಓದಿ. ನೀವಿಲ್ಲದೆ ಈ ಹವ್ಯಾಸ ನಡೆಯುವುದಿಲ್ಲ. ಮೈಸೂರು ಅರಸರ ಕಾಲದ ಆನೆ ಕಾಸು ಕೈಯಲ್ಲಿಟ್ಟು, ಇದು ಅಸಲಿ, ಅದು ಎರಕ ಹೊಯ್ದ ನಕಲಿ, ಅಂಚು ನೋಡು ಅಂತ ನನಗೆ ಹೇಳಿಕೊಟ್ಟದ್ದು ಒಬ್ಬ ವಯಸ್ಸಾದ ಡೀಲರ್. ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆಯದ್ದು ಅಂತ ಚಿಲ್ಲರೆ ತಿರುಗಿಸಿ ನೋಡುವ ಹುಚ್ಚು ಹಿಡಿಸಿದವರೂ ಅವರೇ. ಬುಕಿಂಗ್ ಸಮಯದಲ್ಲಿ ವಿಷಯವೇ ತಿಳಿಯದವರಿಗೆ, ಹತ್ತು ವರ್ಷ ಬಿಟ್ಟು ಹವ್ಯಾಸ ಶುರು ಮಾಡುವವರಿಗೆ ನಾಣ್ಯ ಸಿಗಬೇಕಾದರೆ ಯಾರೋ ಒಬ್ಬರು ಬಂಡವಾಳ ಹಾಕಿ ಇಟ್ಟುಕೊಂಡಿರಬೇಕು. ಆ ಕೆಲಸಕ್ಕೆ ಲಾಭ ಬೇಕು, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಹಾಗಾಗಿ ನಿಮಗೆ ಪಾಲೇ ಬೇಡ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪಾಲು ನಿಮ್ಮ ಅಂಗಡಿಯ ಹೆಸರಿನಲ್ಲೇ, ಜಿಎಸ್‌ಟಿ ನಂಬರಿನೊಂದಿಗೆ, ರಾಜಾರೋಷವಾಗಿ ಬರಲಿ. ಹುಬ್ಬಳ್ಳಿಯ ಸಣ್ಣ ಡೀಲರಿಗೂ ಮುಂಬೈಯ ದೊಡ್ಡ ಡೀಲರಿಗೂ ಅರ್ಜಿ ಹಾಕುವ ಹಕ್ಕು ಒಂದೇ ಇರಲಿ. ಈಗಿನ ಓಟದಲ್ಲಿ ಸಂಗ್ರಹಕಾರರಷ್ಟೇ ಸಣ್ಣ ಡೀಲರ್‌ಗಳೂ ಸೋಲುತ್ತಿದ್ದಾರೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಒಂದೇ ಮಾತು ಕೇಳುತ್ತೇನೆ. ಮೊದಲ ಸುತ್ತಿನ ನಾಣ್ಯಗಳು ಸಂಗ್ರಹಕಾರರ ಮನೆ ತಲುಪಿದ ಮೇಲೆ ನಿಮ್ಮ ಪಾಲು ಬರಲಿ. ಟಂಕಸಾಲೆಯಿಂದ ನೇರವಾಗಿ ಕೊಂಡವರ ಕೈಗೆ ಇನ್ನೂ ಬಾರದ ನಾಣ್ಯ ನಿಮ್ಮ ಮೇಜಿನ ಮೇಲೆ ಎರಡು ಪಟ್ಟು ಬೆಲೆಗೆ ಕೂತಿರುವುದು ಯಾರಿಗೂ ಸರಿ ಕಾಣುವುದಿಲ್ಲ.

ಟಂಕಸಾಲೆಯವರಿಗೆ ಮತ್ತೆ ಒಂದು ಮಾತು, ಸಂಖ್ಯೆಯ ಬಗ್ಗೆ. ಪ್ರತಿ ನಾಣ್ಯ ಎಷ್ಟು ಟಂಕಿಸಲಾಯಿತು, ಅದರಲ್ಲಿ ಪ್ರೂಫ್ ಎಷ್ಟು, ಯುಎನ್‌ಸಿ (ಚಲಾವಣೆಗೆ ಹೋಗದ, ಪ್ರೂಫ್ ಅಲ್ಲದ ನಾಣ್ಯ) ಎಷ್ಟು, ಜನರಿಗೆ ಎಷ್ಟು ಹೋಯಿತು, ಡೀಲರ್‌ಗಳಿಗೆ ಎಷ್ಟು, ಸಮಾರಂಭ ನಡೆಸಿದ ಸಂಸ್ಥೆಗಳಿಗೆ ಎಷ್ಟು, ಇದನ್ನು ನೀವೇ ಪ್ರಕಟಿಸಿ. ಈ ಅಂಕಿ ಹುಡುಕಿಕೊಂಡು ಸಂಗ್ರಹಕಾರರು ಮಾಹಿತಿ ಹಕ್ಕು ಅರ್ಜಿ ಹಾಕುವ ಪರಿಸ್ಥಿತಿ ಬರಬಾರದು. ಸಂಖ್ಯೆ ಗೊತ್ತಿಲ್ಲದಿದ್ದರೆ 'ತುಂಬಾ ರೇರ್ ಸರ್' ಅನ್ನುವ ಮಾತಿಗೆ ಬೆಲೆ ಕಟ್ಟುವುದು ಹೇಗೆ? ಮೊನಾಕೊ ದೇಶ 2007ರಲ್ಲಿ ತನ್ನ ರಾಜಕುಮಾರಿಯಾಗಿದ್ದ ಗ್ರೇಸ್ ಕೆಲ್ಲಿ ನೆನಪಿಗೆ ತಂದ ಎರಡು ಯೂರೋ ನಾಣ್ಯದ ಸಂಖ್ಯೆ 20,001. ಆ ಒಂದು ಅಂಕಿಯನ್ನು ಇವತ್ತು ಪ್ರಪಂಚದ ಯಾವ ಮೂಲೆಯ ಯೂರೋ ಸಂಗ್ರಹಕಾರನನ್ನು ಕೇಳಿದರೂ ಹೇಳುತ್ತಾನೆ. ಅದರ ಬೆಲೆ ಆಕಾಶಕ್ಕೆ ಏರಿದೆ ನಿಜ, ಆದರೆ ಯಾಕೆ ಏರಿದೆ ಅನ್ನುವುದು ಎಲ್ಲರಿಗೂ ಗೊತ್ತಿದೆ.

ಇದು ಹವ್ಯಾಸದವರ ಸಣ್ಣ ಗಲಾಟೆ, ಸರ್ಕಾರಕ್ಕೆ ಬೇರೆ ಕೆಲಸ ಇಲ್ವಾ ಅಂತ ಕೆಲವರು ಅನ್ನಬಹುದು. ಆದರೆ ಈ ನಾಣ್ಯ ಖಾಸಗಿ ಕಂಪನಿಯ ಆಟಿಕೆ ಅಲ್ಲ. 2011ರ ನಾಣ್ಯ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ ಮಾತ್ರ ಹೊರಡಿಸಬಹುದಾದದ್ದು. ಮೇಲೆ ದೇಶದ ಲಾಂಛನ ಇದೆ. ಬಸವಣ್ಣನವರನ್ನು, ಸಂಸತ್ತನ್ನು, ಹುಲಿಯನ್ನು ಅದರ ಮೇಲೆ ತರುವುದು ಜನ ನೆನೆಯಲಿ, ಮನೆಯಲ್ಲಿ ಇಟ್ಟುಕೊಳ್ಳಲಿ ಅಂತ ತಾನೇ? ಟಂಕಸಾಲೆ ಬೆಲೆಗೂ ಮಾರುಕಟ್ಟೆ ಬೆಲೆಗೂ ನಡುವಿನ ದುಡ್ಡಿನಲ್ಲಿ ಸರ್ಕಾರಕ್ಕೆ ಅಂತ ಉಳಿಯುವುದು ಏನೂ ಇಲ್ಲ, ಸಂಗ್ರಹಕಾರನಿಗಂತೂ ಬರೀ ನಷ್ಟ.

ಎಲ್ಲವನ್ನೂ ಒಂದೇ ಸಲ ಮಾಡಲು ಆಗದಿದ್ದರೆ ಒಂದು ನಾಣ್ಯಕ್ಕೆ ಮಾಡಿ ನೋಡಿ. ಮುಂದೆ ಬರುವ ಯಾವುದಾದರೂ ಒಂದು ಸೀಮಿತ ನಾಣ್ಯವನ್ನು ಆರಿಸಿಕೊಳ್ಳಿ. ಹದಿನೈದು ದಿನ ಅರ್ಜಿ ತೆಗೆದುಕೊಳ್ಳಿ, ಚೀಟಿ ಎತ್ತಿ, ಎಷ್ಟು ಅರ್ಜಿ ಬಂತು, ಎಷ್ಟು ಜನರಿಗೆ ಸಿಕ್ಕಿತು, ಡೀಲರ್‌ಗಳಿಗೆ ಎಷ್ಟು ಹೋಯಿತು ಅನ್ನುವ ಲೆಕ್ಕವನ್ನು ನಿಮ್ಮ ವೆಬ್‌ಸೈಟಿನಲ್ಲಿ ಹಾಕಿ. ಆ ನಾಣ್ಯದ ಬುಕಿಂಗ್ ಪ್ರಕಟಣೆಯನ್ನು ಕನಿಷ್ಠ ಒಂದು ತಿಂಗಳು ಮೊದಲು ಕೊಡಿ, ಕನ್ನಡ ಪತ್ರಿಕೆಗಳಿಗೂ ಕೊಡಿ. ನನಗೆ ಚೀಟಿಯಲ್ಲಿ ಸಿಗದಿದ್ದರೂ ಪರವಾಗಿಲ್ಲ, ಅರ್ಜಿ ಖಂಡಿತ ಹಾಕುತ್ತೇನೆ.

ಇಂತಿ,
ಕರ್ನಾಟಕದ ಒಬ್ಬ ನಾಣ್ಯ ಸಂಗ್ರಹಕಾರ